ಆಲೂರು ವೆಂಕಟರಾಯರು

ಕೂಡಲಿಯಲ್ಲಿ ಒಂದಾದ ತುಂಗೆಯೂ ಭದ್ರೆಯೂ ಉತ್ತರಕ್ಕೆ ಹರಿದು, ಹೊನ್ನಾಳಿಯನ್ನು ಮುಟ್ಟಿ ಮುಂದೆ ಸಾಗುತ್ತವೆ. ಇಂದು ಆ ಹೊಳೆಯ ದಂಡೆಯನ್ನೇ ಹಿಡಿದು ಹಂಪೆಯವರೆಗೆ ಒಬ್ಬನು ನಡೆದುಹೋದರೆ ಅವನು ಕೆಲವು ಜಿಲ್ಲೆಗಳನ್ನು ದಾಟುತ್ತಾನೆಯೇ ಹೊರತು ರಾಜ್ಯವನ್ನು ದಾಟುವುದಿಲ್ಲ. 1905ನೆಯ ಇಸವಿಯಲ್ಲಿ ಹೀಗಿರಲಿಲ್ಲ. ಹೊನ್ನಾಳಿ ಅಂದು ಮೈಸೂರು ಸಂಸ್ಥಾನದ ಶಿವಮೊಗ್ಗ ಜಿಲ್ಲೆಗೆ ಸೇರಿದ ತಾಲ್ಲೂಕು. ಅದರ ಉತ್ತರದ ಗಡಿಯನ್ನು ದಾಟಿದೊಡನೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಹರಿಹರದ ಬಳಿ ಹೊಳೆಯ ಒಂದು ದಡ ಮೈಸೂರಿನದು, ಎದುರು ದಡ ಮುಂಬಯಿಯದು. ಅಲ್ಲಿಂದ ಕೆಳಗೆ ಹರಪನಹಳ್ಳಿ, ಹೂವಿನಹಡಗಲಿಗಳ ಕಡೆಯ ದಡ ಮದ್ರಾಸ್ ಪ್ರಾಂತದ್ದು. ಇನ್ನೂ ಕೆಳಗೆ ಹೋದರೆ ಎಡದಂಡೆ ಹೈದರಾಬಾದಿನ ನಿಜಾಮರದು. ನದಿ ಒಂದೇ, ಎರಡು ದಡಗಳ ಮೇಲಿನ ಮಾತೂ ಒಂದೇ. ಸರ್ಕಾರಗಳು ಮಾತ್ರ ನಾಲ್ಕು.

ಹೊನ್ನಾಳಿಯ ಸುತ್ತಿನ ಹಳ್ಳಿಗಳಲ್ಲಿ ಶಾಸನದ ಕಲ್ಲುಗಳು ಅಂದೂ ನಿಂತಿದ್ದವು, ಇಂದೂ ನಿಂತಿವೆ. ಸಮೀಪದ ಬೆಳಗುತ್ತಿಯಲ್ಲಿ ಒಂದು ಕಾಲಕ್ಕೆ ಸಿಂದ ವಂಶದ ಅರಸರು ಆಳುತ್ತಿದ್ದರು. ಈ ಸೀಮೆಯ ಹಲವು ಕಲ್ಲುಗಳ ಮೇಲೆ ಕಲ್ಯಾಣದ ಚಾಲುಕ್ಯ ಚಕ್ರವರ್ತಿಗಳ ಹೆಸರುಗಳಿವೆ. ಆದರೆ 1905ರಲ್ಲಿ ಆ ಕಲ್ಲಿನ ನೆರಳಿನಲ್ಲಿ ದನ ಮೇಯಿಸುತ್ತಿದ್ದ ಹುಡುಗನಿಗೆ ಕಲ್ಯಾಣವೆಂಬುದು ಎಲ್ಲಿಯದೆಂದು ತಿಳಿಯದು. ಅದು ನಿಜಾಮರ ರಾಜ್ಯಕ್ಕೆ ಸೇರಿದ ದೂರದ ಊರು. ತನ್ನ ಊರಿಗೂ ಆ ಊರಿಗೂ ಏನು ಸಂಬಂಧವೆಂದು ಅವನಿಗೆ ಹೇಳುವವರಿರಲಿಲ್ಲ. ಶಾಲೆಯ ಪುಸ್ತಕದಲ್ಲಿ ಇಂಗ್ಲೆಂಡಿನ ದೊರೆಗಳ ವಿಷಯ ದೊರೆಯುತ್ತಿತ್ತು. ಊರ ಹೊರಗಿನ ಕಲ್ಲಿನ ವಿಷಯ ದೊರೆಯುತ್ತಿರಲಿಲ್ಲ.

ನಾಡು ಒಡೆದುಹೋಗುವುದು ಒಂದು ದುಃಖ. ಒಡೆದುಹೋಗಿದೆ ಎಂಬುದೇ ಅದರ ಮಕ್ಕಳಿಗೆ ಮರೆತುಹೋಗುವುದು ಅದಕ್ಕಿಂತ ದೊಡ್ಡ ದುಃಖ. ಈ ಎರಡನೆಯ ದುಃಖವನ್ನು ಮೊದಲು ಕಂಡುಕೊಂಡು, ಅದನ್ನು ಕಳೆಯುವುದಕ್ಕಾಗಿ ಬದುಕನ್ನೇ ತೆತ್ತವರಲ್ಲಿ ಆಲೂರು ವೆಂಕಟರಾಯರು ಅಗ್ರಗಣ್ಯರು. ಕನ್ನಡ ಜನತೆ ಅವರನ್ನು ಕನ್ನಡ ಕುಲಪುರೋಹಿತರೆಂದು ಕರೆದು ಗೌರವಿಸಿತು.

ವೆಂಕಟರಾಯರು ಹುಟ್ಟಿದ್ದು 1880ರ ಜುಲೈ 12ರಂದು, ಬಿಜಾಪುರದಲ್ಲಿ. ತಂದೆ ಭೀಮರಾಯರು ಕಂದಾಯ ಇಲಾಖೆಯಲ್ಲಿ ಶಿರಸ್ತೇದಾರರಾಗಿದ್ದರು, ತಾಯಿ ಭಾಗೀರಥಿಬಾಯಿ. ಅನುಕೂಲವಂತರ ಮನೆ, ಆಚಾರವಂತರ ಮನೆ. ಓದಿನಲ್ಲಿ ಚುರುಕಾಗಿದ್ದ ಹುಡುಗನು ಮುಂದೆ ಪುಣೆಯ ಫರ್ಗ್ಯುಸನ್ ಕಾಲೇಜನ್ನು ಸೇರಿ ಪದವೀಧರನಾದನು. ಬಳಿಕ ಮುಂಬಯಿಯಲ್ಲಿ ಕಾನೂನಿನ ಪರೀಕ್ಷೆಯನ್ನು ಮುಗಿಸಿ ವಕೀಲನಾದನು.

ಆ ಕಾಲದ ಧಾರವಾಡ, ಬೆಳಗಾವಿ, ಬಿಜಾಪುರಗಳ ಸ್ಥಿತಿಯನ್ನು ಸ್ವಲ್ಪ ವಿವರಿಸಬೇಕಾಗಿದೆ. ಪೇಶ್ವೆಯರ ಆಳ್ವಿಕೆ 1818ರಲ್ಲಿ ಕೊನೆಗೊಂಡ ಮೇಲೆ ಈ ಸೀಮೆ ಇಂಗ್ಲಿಷರ ಕೈಗೆ ಬಂದು, ಮುಂಬಯಿ ಪ್ರಾಂತದೊಡನೆ ಕೂಡಿತು. ಮನೆಯಲ್ಲಿ ಕನ್ನಡವಾಡುವ ಮಕ್ಕಳು ಶಾಲೆಯಲ್ಲಿ ಮರಾಠಿಯನ್ನು ಓದಬೇಕಾಗಿತ್ತು. ಕಚೇರಿಯ ಕಾಗದಗಳು ಮರಾಠಿಯಲ್ಲಿದ್ದವು. ಓದುಬರಹ ಬಲ್ಲ ಕನ್ನಡಿಗರು ಪತ್ರಗಳನ್ನು ಸಹ ಮರಾಠಿಯಲ್ಲಿಯೇ ಬರೆದುಕೊಳ್ಳುವುದು ಸಾಮಾನ್ಯವಾಗಿತ್ತು. ಡೆಪ್ಯುಟಿ ಚನ್ನಬಸಪ್ಪನವರಂಥ ಶಿಕ್ಷಣಾಧಿಕಾರಿಗಳು ಕಷ್ಟಪಟ್ಟು ಕನ್ನಡ ಶಾಲೆಗಳನ್ನು ಬೆಳೆಸಿದರು. 1890ರಲ್ಲಿ ರಾ. ಹ. ದೇಶಪಾಂಡೆಯವರು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿದರು. ಇಷ್ಟಾದರೂ ವಿದ್ಯಾವಂತನಾದ ಕನ್ನಡಿಗನಿಗೆ ತನ್ನ ನಾಡು ಯಾವುದು ಎಂದು ಕೇಳಿದರೆ ಉತ್ತರ ಕೊಡಲು ತಡವರಿಸುವ ಸ್ಥಿತಿ ಉಳಿದೇ ಇತ್ತು. ಬೆಂಗಳೂರಿನವನು ತಾನು ಮೈಸೂರಿನವನೆನ್ನುತ್ತಿದ್ದನು. ಧಾರವಾಡದವನು ಮುಂಬಯಿಯ ಕಡೆಗೂ ಮಂಗಳೂರಿನವನು ಮದ್ರಾಸಿನ ಕಡೆಗೂ ಮುಖ ಮಾಡಿದ್ದನು.

ಪುಣೆ ಅಂದು ರಾಷ್ಟ್ರಭಾವನೆಯ ಬೆಂಕಿ ಹೊತ್ತಿ ಉರಿಯುತ್ತಿದ್ದ ನಗರ. ಲೋಕಮಾನ್ಯ ತಿಲಕರ ಕೇಸರಿ ಪತ್ರಿಕೆಯನ್ನು ಜನರು ಕಾದು ಓದುತ್ತಿದ್ದರು. ಶಿವಾಜಿ ಉತ್ಸವ ವೈಭವದಿಂದ ನಡೆಯುತ್ತಿತ್ತು. ಅಲ್ಲಿಯ ಮರಾಠೀ ಯುವಕರಿಗೆ ತಮ್ಮ ಹಿರಿಯರು ಯಾರು, ತಮ್ಮ ಕೋಟೆಗಳು ಯಾವುವು, ತಮ್ಮ ನಾಡು ಹೇಗೆ ಬಾಳಿತು ಎಂಬುದೆಲ್ಲ ತಿಳಿದಿತ್ತು. ತಿಲಕರ ಪ್ರಭಾವ ವೆಂಕಟರಾಯರ ಮೇಲೆ ಆಳವಾಗಿ ಬಿದ್ದಿತು. ತಿಲಕರು ಮುಂದೆ ಮಂಡಾಲೆಯ ಸೆರೆಯಲ್ಲಿ ಬರೆದ ಗೀತಾರಹಸ್ಯವನ್ನು ಕನ್ನಡಕ್ಕೆ ತಂದವರು ಇವರೇ. ಮರಾಠಿಗರ ಅಭಿಮಾನವನ್ನು ಕಂಡು ವೆಂಕಟರಾಯರು ಅಸೂಯೆಪಡಲಿಲ್ಲ, ಅದನ್ನು ದೂಷಿಸಲೂ ಇಲ್ಲ. ಆ ಕನ್ನಡಿಯಲ್ಲಿ ತಮ್ಮ ಮುಖವನ್ನು ನೋಡಿಕೊಂಡರು. ಅಲ್ಲಿ ಕಂಡದ್ದು ಅವರಿಗೆ ನಾಚಿಕೆಯನ್ನುಂಟುಮಾಡಿತು.

ವಕೀಲರಾಗಿ ಅವರು ಧಾರವಾಡದಲ್ಲಿ ನೆಲೆಸಿದ ವರ್ಷವೇ, ಅಂದರೆ 1905ರ ಅಕ್ಟೋಬರಿನಲ್ಲಿ, ವೈಸರಾಯ್ ಕರ್ಜನನ ಸರ್ಕಾರವು ಬಂಗಾಳವನ್ನು ಎರಡಾಗಿ ಸೀಳಿತು. ಬಂಗಾಳಿಗಳು ಕೆರಳಿ ಎದ್ದರು. ವಿದೇಶೀ ಬಟ್ಟೆಯನ್ನು ಸುಟ್ಟರು, ಬೀದಿಗಳಲ್ಲಿ ಮೆರವಣಿಗೆ ತೆಗೆದರು. ಆ ಚಳವಳಿ ದೇಶವನ್ನೆಲ್ಲ ವ್ಯಾಪಿಸಿ, 1911ರಲ್ಲಿ ಸರ್ಕಾರವು ಆ ವಿಭಜನೆಯನ್ನು ಹಿಂದಕ್ಕೆ ಪಡೆಯುವಂತಾಯಿತು. ಈ ಸುದ್ದಿಗಳನ್ನು ಓದುತ್ತಿದ್ದ ವೆಂಕಟರಾಯರ ಮನಸ್ಸಿನಲ್ಲಿ ಒಂದು ಹೋಲಿಕೆ ಮೂಡಿತು. ಬಂಗಾಳವನ್ನು ಎರಡು ತುಂಡು ಮಾಡಿದ್ದಕ್ಕೆ ಬಂಗಾಳಿಗಳು ಇಷ್ಟು ನೊಂದುಕೊಂಡಿದ್ದಾರೆ. ಕರ್ನಾಟಕವನ್ನು ಎಷ್ಟೋ ತುಂಡುಗಳನ್ನಾಗಿ ಮಾಡಿ ನೂರು ವರ್ಷಗಳೇ ಕಳೆದಿವೆ. ಇಲ್ಲಿ ಯಾರ ಕಣ್ಣಿನಲ್ಲಿಯೂ ನೀರಿಲ್ಲ. ಗಾಯ ಆಗಿರುವುದು ನಿಜ. ನೋವು ಮಾತ್ರ ಇಲ್ಲ. ನೋವಿಲ್ಲದ ಗಾಯ ಹೆಚ್ಚು ಅಪಾಯಕರವಾದುದೆಂದು ವೈದ್ಯರು ಬಲ್ಲರು.

ಕರ್ನಾಟಕ ಒಡೆದ ಬಗೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬಹುದು. 1565ರಲ್ಲಿ ರಕ್ಕಸಗಿ ತಂಗಡಗಿಯ ಯುದ್ಧದಲ್ಲಿ ವಿಜಯನಗರ ಸೋತಿತು. ಅಂದಿನಿಂದ ಕನ್ನಡನಾಡು ಒಂದೇ ಛತ್ರದ ಅಡಿಯಲ್ಲಿ ನಿಲ್ಲಲಿಲ್ಲ. 1799ರಲ್ಲಿ ಟಿಪ್ಪು ಸುಲ್ತಾನನು ಶ್ರೀರಂಗಪಟ್ಟಣದಲ್ಲಿ ಮಡಿದ ಮೇಲೆ ಗೆದ್ದವರು ನೆಲವನ್ನು ಹಂಚಿಕೊಂಡರು. ಮೈಸೂರು ಒಡೆಯರಿಗೆ ಮರಳಿತು. ಕರಾವಳಿ ಮದ್ರಾಸಿಗೆ ಹೋಯಿತು. ನಿಜಾಮರ ಪಾಲಿಗೆ ಬಂದಿದ್ದ ಬಳ್ಳಾರಿಯ ಸೀಮೆ 1800ರಲ್ಲಿ ಇಂಗ್ಲಿಷರ ಕೈಸೇರಿತು. ರಾಯಚೂರು, ಗುಲ್ಬರ್ಗ, ಬೀದರಗಳು ನಿಜಾಮರ ರಾಜ್ಯದಲ್ಲಿಯೇ ಉಳಿದವು. 1834ರಲ್ಲಿ ಕೊಡಗು ಸ್ವಾತಂತ್ರ್ಯವನ್ನು ಕಳೆದುಕೊಂಡು ಬೇರೆಯೇ ಒಂದು ಪ್ರಾಂತವಾಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬಯಿಗೆ ಸೇರಿಸಿದರು. ಇವುಗಳ ನಡುವೆ ಸೊಂಡೂರು, ಸವಣೂರು, ಮುಧೋಳ, ಜಮಖಂಡಿ, ರಾಮದುರ್ಗ ಮೊದಲಾದ ಪುಟ್ಟ ಸಂಸ್ಥಾನಗಳು. ಸಾಂಗಲಿ, ಮೀರಜ, ಕೊಲ್ಲಾಪುರದ ಅರಸರಿಗೆ ಸೇರಿದ ಬಿಡಿಬಿಡಿ ಹಳ್ಳಿಗಳು. ಎಲ್ಲವನ್ನೂ ಎಣಿಸಿದರೆ ಇಪ್ಪತ್ತರಷ್ಟು ಆಡಳಿತಗಳಾಗುತ್ತಿದ್ದವು. ಹೈದರಾಬಾದಿನಲ್ಲಿ ನಾಣ್ಯ ಬೇರೆ, ಅಂಚೆಯ ಚೀಟಿ ಬೇರೆ, ಕಚೇರಿಯ ಭಾಷೆ ಉರ್ದು. ಬಳ್ಳಾರಿಯ ಕಡೆ ತೆಲುಗಿನ ಪ್ರಾಬಲ್ಯ. ಒಂದು ರಾಜ್ಯದ ಕನ್ನಡಿಗನು ಇನ್ನೊಂದು ರಾಜ್ಯದ ಕನ್ನಡಿಗನಿಗೆ ಕಾನೂನಿನ ಪ್ರಕಾರ ಪರದೇಶದವನು.

ಅದೇ 1905ರಲ್ಲಿ ವೆಂಕಟರಾಯರು ಆನೆಗುಂದಿಯ ನವವೃಂದಾವನಕ್ಕೆ ಯಾತ್ರೆ ಹೊರಟರು. ತುಂಗಭದ್ರೆಯ ನಡುಗಡ್ಡೆಯ ಮೇಲೆ ಮಾಧ್ವ ಯತಿಗಳ ಒಂಬತ್ತು ವೃಂದಾವನಗಳಿರುವ ಪವಿತ್ರ ಕ್ಷೇತ್ರವದು. ಅವರ ಮನೆತನದವರಿಗೆ ಇಂತಹ ಯಾತ್ರೆ ಹೊಸದೇನೂ ಅಲ್ಲ. ಆದರೆ ಯಾತ್ರೆಯ ದಾರಿಯಲ್ಲಿ ಹಂಪೆ ಇತ್ತು.

ಹಂಪೆಯನ್ನು ಕಂಡವರಿಗೆ ಅಲ್ಲಿಯ ನೋಟವನ್ನು ವಿವರಿಸಬೇಕಾದ ಅಗತ್ಯವಿಲ್ಲ. ಬಂಡೆಗಳ ರಾಶಿಯ ನಡುವೆ ಛಾವಣಿ ಕಳೆದುಕೊಂಡ ಮಂಟಪಗಳು, ಕೈಕಾಲು ಮುರಿದ ಉಗ್ರನರಸಿಂಹ, ಒಂದು ಕಾಲಕ್ಕೆ ಮುತ್ತು ರತ್ನಗಳ ವ್ಯಾಪಾರ ನಡೆದ ಬೀದಿಯ ಕಂಬಸಾಲುಗಳು, ವಿಠ್ಠಲ ದೇವಾಲಯದ ಕಲ್ಲಿನ ರಥ. ಇಷ್ಟೆಲ್ಲ ಪಾಳುಬಿದ್ದಿದ್ದರೂ ವಿರೂಪಾಕ್ಷನ ಗುಡಿಯಲ್ಲಿ ಪೂಜೆ ನಿಂತಿರಲಿಲ್ಲ. ಇಪ್ಪತ್ತೈದು ವರ್ಷದ ಆ ತರುಣ ವಕೀಲರು ಅಲ್ಲಿ ನಿಂತಾಗ ಅವರ ಒಳಗೆ ಏನೋ ಕದಲಿತು. ಆ ಅನುಭವವನ್ನು ಅವರು ಮುಂದೆ ಜೀವಮಾನವೆಲ್ಲ ನೆನೆದರು. ಆ ಪಾಳು ನಗರವು ಅವರ ಕಣ್ಣಿಗೆ ಬರಿಯ ಕಲ್ಲಾಗಿ ಕಾಣಲಿಲ್ಲ. ತಮ್ಮ ಸ್ವಂತ ಮನೆ ಪಾಳುಬಿದ್ದಂತೆ ಕಂಡಿತು. ಇಂಥ ಮನೆಯೊಂದು ತಮಗಿತ್ತೆಂಬುದೇ ತಮಗೆ ಇಷ್ಟು ದಿನ ತಿಳಿಯದೆ ಹೋಯಿತಲ್ಲಾ ಎಂಬ ಸಂಕಟ ಅವರನ್ನು ಆವರಿಸಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಹಂಪೆ ಅಂದು ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಹೊಳೆಯಾಚೆಯ ಆನೆಗುಂದಿ ನಿಜಾಮರ ರಾಯಚೂರು ಜಿಲ್ಲೆಗೆ ಸೇರಿತ್ತು. ವಿಜಯನಗರದ ಅರಸರ ಕಾಲದಲ್ಲಿ ಇವೆರಡೂ ಒಂದೇ ರಾಜಧಾನಿಯ ಎರಡು ಮಗ್ಗುಲುಗಳು. ಒಂದು ಸಾಮ್ರಾಜ್ಯದ ಹೃದಯವನ್ನೇ ನಡುವೆ ಸೀಳಿ ಇಬ್ಬರು ಹಂಚಿಕೊಂಡಂತಾಗಿತ್ತು. ಹಂಪೆಯ ದಡದಲ್ಲಿ ಹರಿಗೋಲನ್ನು ಹತ್ತಿದವನು ಕೆಲವು ನಿಮಿಷಗಳಲ್ಲಿ ಇಂಗ್ಲಿಷರ ರಾಜ್ಯವನ್ನು ಬಿಟ್ಟು ನಿಜಾಮರ ರಾಜ್ಯದಲ್ಲಿ ಇಳಿಯುತ್ತಿದ್ದನು. ಅವನನ್ನು ದಾಟಿಸಿದ ಅಂಬಿಗನೂ ಕನ್ನಡಿಗ, ಈ ದಡದಲ್ಲಿ ಕಾದವನೂ ಕನ್ನಡಿಗ, ಆ ದಡದಲ್ಲಿ ಎದುರುಗೊಂಡವನೂ ಕನ್ನಡಿಗ.

ಧಾರವಾಡಕ್ಕೆ ಮರಳಿದ ವೆಂಕಟರಾಯರು ವಕೀಲಿಯ ಕಾಗದಗಳಿಗಿಂತ ಇತಿಹಾಸದ ಗ್ರಂಥಗಳನ್ನೇ ಹೆಚ್ಚಾಗಿ ಕೈಗೆತ್ತಿಕೊಂಡರು. ಆಗ ಕರ್ನಾಟಕದ ಇತಿಹಾಸವನ್ನು ಕುರಿತು ಸಾಮಗ್ರಿಯ ಅಭಾವವಿರಲಿಲ್ಲ. ಮುಂಬಯಿ ಸರ್ಕಾರದ ಅಧಿಕಾರಿಯಾಗಿದ್ದ ಫ್ಲೀಟರು ಕನ್ನಡ ಜಿಲ್ಲೆಗಳನ್ನಾಳಿದ ರಾಜವಂಶಗಳನ್ನು ಕುರಿತು ಬರೆದಿದ್ದರು. ಭಂಡಾರಕರರು ದಖನಿನ ಪ್ರಾಚೀನ ಚರಿತ್ರೆಯನ್ನು ರಚಿಸಿದ್ದರು. ಸಿವೆಲ್ಲರು 1900ರಲ್ಲಿ ವಿಜಯನಗರವನ್ನು ಮರೆತುಹೋದ ಸಾಮ್ರಾಜ್ಯವೆಂದು ಕರೆದು ದೊಡ್ಡ ಗ್ರಂಥವನ್ನೇ ಹೊರತಂದಿದ್ದರು. ಮೈಸೂರಿನಲ್ಲಿ ರೈಸರು ತಾಲ್ಲೂಕು ತಾಲ್ಲೂಕಿನ ಶಾಸನಗಳನ್ನು ಓದಿಸಿ ಅಚ್ಚು ಹಾಕಿಸುತ್ತಿದ್ದರು. ಹೊನ್ನಾಳಿ ಮತ್ತು ಚನ್ನಗಿರಿಯ ಕಲ್ಲುಗಳು 1902ರ ಸಂಪುಟದಲ್ಲಿಯೇ ಬೆಳಕು ಕಂಡಿದ್ದವು. ರಾಷ್ಟ್ರಕೂಟರ ಕಾಲದ ಕವಿರಾಜಮಾರ್ಗವನ್ನು 1898ರಲ್ಲಿ ಪಾಠಕರು ಸಂಪಾದಿಸಿ ಪ್ರಕಟಿಸಿದ್ದರು. ಒಂಬತ್ತನೆಯ ಶತಮಾನದಲ್ಲಿಯೇ ಕನ್ನಡನಾಡಿಗೆ ಕಾವೇರಿ ಮತ್ತು ಗೋದಾವರಿ ನದಿಗಳು ಎಲ್ಲೆಗಳಾಗಿದ್ದವೆಂಬುದು ಆ ಗ್ರಂಥದಿಂದ ಸ್ಪಷ್ಟವಾಗಿತ್ತು.

ಆದರೆ ಇವುಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿದ್ದವು. ಬೆಲೆ ಹೆಚ್ಚು, ಪ್ರತಿಗಳು ಕಡಮೆ. ವಿದ್ವಾಂಸರ ಕಪಾಟಿನಲ್ಲಿ ಅವು ಭದ್ರವಾಗಿದ್ದವು. ಅಷ್ಟೇ ಅಲ್ಲ, ಮುಂಬಯಿಯ ಅಧಿಕಾರಿ ಮುಂಬಯಿಯ ಜಿಲ್ಲೆಗಳನ್ನು ಕುರಿತು ಬರೆದರೆ, ಮೈಸೂರಿನ ಅಧಿಕಾರಿ ಮೈಸೂರಿನ ಶಾಸನಗಳನ್ನು ಓದುತ್ತಿದ್ದನು. ನಾಡು ಒಡೆದಂತೆ ನಾಡಿನ ಜ್ಞಾನವೂ ಒಡೆದಿತ್ತು. ವೆಂಕಟರಾಯರು ಈ ತುಣುಕುಗಳನ್ನು ಒಂದೆಡೆ ಸೇರಿಸಿ ನೋಡಿದರು. ಕದಂಬರ ಬನವಾಸಿ, ಚಾಲುಕ್ಯರ ಬಾದಾಮಿ, ಎರಡೂ ಮುಂಬಯಿಯಲ್ಲಿ. ರಾಷ್ಟ್ರಕೂಟರ ಮಾನ್ಯಖೇಟ, ಆಮೇಲಿನ ಚಾಲುಕ್ಯರ ಕಲ್ಯಾಣ, ಎರಡೂ ನಿಜಾಮರಲ್ಲಿ. ಹೊಯ್ಸಳರ ದ್ವಾರಸಮುದ್ರ ಮೈಸೂರಿನಲ್ಲಿ. ರಾಯರ ವಿಜಯನಗರ ಮದ್ರಾಸಿನಲ್ಲಿ. ಒಂದೇ ನಾಡಿನ ರಾಜಧಾನಿಗಳು ನಾಲ್ಕು ಸರ್ಕಾರಗಳಲ್ಲಿ ಚೆದುರಿಹೋಗಿದ್ದವು. ಯಾವ ಒಂದು ಸರ್ಕಾರದ ಶಾಲೆಯಲ್ಲಿ ಓದಿದ ಹುಡುಗನಿಗೂ ಇವೆಲ್ಲ ಒಂದೇ ಮಾಲೆಯ ಮಣಿಗಳೆಂದು ತಿಳಿಯುವ ಸಂಭವವೇ ಇರಲಿಲ್ಲ.

1906ರಲ್ಲಿ ವಿದ್ಯಾವರ್ಧಕ ಸಂಘದ ವಾಗ್ಭೂಷಣ ಪತ್ರಿಕೆಯ ಸಂಪಾದಕತ್ವ ಅವರಿಗೆ ಬಂದಿತು. ಅದರಲ್ಲಿ ಅವರು ಕರ್ನಾಟಕದ ಚರಿತ್ರೆ, ಭಾಷೆ, ಸಂಸ್ಕೃತಿಗಳನ್ನು ಕುರಿತು ಬಿಡುವಿಲ್ಲದೆ ಬರೆದರು. ಒಡೆದ ಭಾಗಗಳು ಒಂದಾಗಬೇಕೆಂಬ ವಿಚಾರವನ್ನು ಮುಂದಿಟ್ಟರು. ವಿದ್ಯಾರಣ್ಯರ ಚರಿತ್ರೆಯನ್ನು ರಚಿಸಿದರು. 1907 ಮತ್ತು 1908ರಲ್ಲಿ ಧಾರವಾಡದಲ್ಲಿ ಕನ್ನಡ ಗ್ರಂಥಕರ್ತರ ಸಮ್ಮೇಳನಗಳು ನಡೆಯುವಂತೆ ಶ್ರಮಿಸಿದರು. ಬೇರೆ ಬೇರೆ ಆಡಳಿತಗಳ ಕನ್ನಡ ಬರಹಗಾರರು ಪರಸ್ಪರರ ಮುಖ ನೋಡುವುದೇ ಅಂದು ಅಪೂರ್ವವಾದ ಸಂಗತಿ. 1914ರಲ್ಲಿ ಕರ್ನಾಟಕ ಇತಿಹಾಸ ಸಂಶೋಧನ ಮಂಡಲವನ್ನು ಸ್ಥಾಪಿಸಿದರು. ಮರುವರ್ಷ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಹುಟ್ಟಿತು. 1916ರಲ್ಲಿ ಏಕೀಕರಣಕ್ಕಾಗಿಯೇ ಧಾರವಾಡದಲ್ಲಿ ಒಂದು ಸಭೆ ರೂಪುಗೊಂಡಿತು. ಹೀಗೆ ಒಂದರ ಹಿಂದೆ ಒಂದಾಗಿ ಕೆಲಸಗಳು ನಡೆದವು. ವಕೀಲಿಯಿಂದ ಬರಬಹುದಾಗಿದ್ದ ಹಣದ ಕಡೆಗೆ ಅವರ ಲಕ್ಷ್ಯ ಹರಿಯಲಿಲ್ಲ.

1917ರಲ್ಲಿ ಕರ್ನಾಟಕ ಗತವೈಭವ ಪ್ರಕಟವಾಯಿತು. ಹಂಪೆಯನ್ನು ಕಂಡು ಆಗಲೇ ಹನ್ನೆರಡು ವರ್ಷಗಳು ಕಳೆದಿದ್ದವು. ಅಷ್ಟು ಕಾಲದ ಓದು, ಅಲೆದಾಟ, ಚಿಂತನೆಗಳು ಈ ಗ್ರಂಥದಲ್ಲಿ ಹರಳುಗಟ್ಟಿದವು. ಕನ್ನಡಿಗನು ಕನ್ನಡದಲ್ಲಿಯೇ, ಇಡೀ ಕರ್ನಾಟಕವನ್ನು ಒಂದು ಘಟಕವಾಗಿ ಭಾವಿಸಿ, ಸಾಮಾನ್ಯ ಓದುಗನಿಗಾಗಿ ಬರೆದ ಚರಿತ್ರೆ ಅದು. ಮೈಸೂರಿನ ಓದುಗನಿಗೆ ಬಾದಾಮಿ ತನ್ನದೆಂದೂ ಧಾರವಾಡದ ಓದುಗನಿಗೆ ಬೇಲೂರು ತನ್ನದೆಂದೂ ಅದು ತಿಳಿಸಿತು. ಇಂದಿನ ಇತಿಹಾಸಕಾರರು ಆ ಗ್ರಂಥವನ್ನು ಪರೀಕ್ಷಿಸಿದರೆ ತಿದ್ದಬೇಕಾದ ಅಂಶಗಳು ಅನೇಕ ದೊರೆಯುತ್ತವೆ. ಅರಸರ ದಿಗ್ವಿಜಯಗಳಿಗೆ ಅಲ್ಲಿ ಹೆಚ್ಚು ಸ್ಥಳ. ನೇಗಿಲು ಹಿಡಿದವನಿಗೂ ಮಗ್ಗದ ಮುಂದೆ ಕುಳಿತವನಿಗೂ ಕಡಮೆ ಸ್ಥಳ. ಹೊಗಳಿಕೆಯ ಧ್ವನಿ ಕೆಲವೆಡೆ ಎತ್ತರವಾಗಿದೆ. ವೆಂಕಟರಾಯರ ಉದ್ದೇಶ ವಿದ್ವಾಂಸರ ಮೆಚ್ಚುಗೆಯನ್ನು ಪಡೆಯುವುದಾಗಿರಲಿಲ್ಲ. ಮಲಗಿದವನನ್ನು ಎಬ್ಬಿಸುವವನು ಮೆಲುದನಿಯಲ್ಲಿ ಮಾತಾಡಿದರೆ ಸಾಲದು.

ಎಬ್ಬಿಸುವ ಕೆಲಸ ಸುಲಭವಾಗಿರಲಿಲ್ಲ. ಭಾರತವೇ ಪರತಂತ್ರವಾಗಿರುವಾಗ ಕರ್ನಾಟಕದ ಮಾತೇಕೆ ಎಂದು ಕೇಳಿದವರುಂಟು. ಈ ಪ್ರಶ್ನೆಯನ್ನು ವೆಂಕಟರಾಯರು ಹಗುರವಾಗಿ ಕಾಣಲಿಲ್ಲ. ಅವರು ಸ್ವತಃ ತಿಲಕರ ಅನುಯಾಯಿ, ರಾಷ್ಟ್ರೀಯ ಚಳವಳಿಯ ಕಾರ್ಯಕರ್ತ. ಅವರ ದೃಷ್ಟಿಯಲ್ಲಿ ಕರ್ನಾಟಕತ್ವವು ಭಾರತೀಯತ್ವಕ್ಕೆ ವಿರೋಧಿಯಲ್ಲ, ಅದರ ಒಂದು ರೂಪ. ಭಾರತವನ್ನು ಪ್ರೀತಿಸುವ ಕನ್ನಡಿಗನು ತನ್ನ ಬಳಿಯ ನೆಲದಿಂದ, ತನ್ನ ತಾಯಿಯ ಮಾತಿನಿಂದ ಆ ಪ್ರೀತಿಯನ್ನು ಆರಂಭಿಸಬೇಕೆಂದು ಅವರು ವಾದಿಸಿದರು. ಕರ್ನಾಟಕತ್ವವೆಂಬ ಮಾತನ್ನು ತತ್ತ್ವದ ಮಟ್ಟಕ್ಕೇರಿಸಿ ಮುಂದೆ ಅದನ್ನು ಕುರಿತೇ ಗ್ರಂಥಗಳನ್ನು ರಚಿಸಿದರು. 1922ರಲ್ಲಿ ಜಯಕರ್ನಾಟಕ ಪತ್ರಿಕೆಯನ್ನು ಆರಂಭಿಸಿದ್ದೂ ಈ ವಿಚಾರದ ಪ್ರಸಾರಕ್ಕಾಗಿಯೇ.

ವಿಚಾರವು ಕ್ರಮೇಣ ಕಾರ್ಯವಾಗತೊಡಗಿತು. 1920ರಲ್ಲಿ ಧಾರವಾಡದಲ್ಲಿ ವಿ. ಪಿ. ಮಾಧವರಾಯರ ಅಧ್ಯಕ್ಷತೆಯಲ್ಲಿ ಕರ್ನಾಟಕದ ರಾಜಕೀಯ ಪರಿಷತ್ತು ಸೇರಿತು. ಅದೇ ವರ್ಷದ ಕೊನೆಯಲ್ಲಿ ನಾಗಪುರದ ಕಾಂಗ್ರೆಸ್ ಅಧಿವೇಶನವು ಭಾಷೆಗಳಿಗನುಗುಣವಾಗಿ ತನ್ನ ಪ್ರಾಂತಗಳನ್ನು ರಚಿಸಿಕೊಳ್ಳಲು ನಿರ್ಧರಿಸಿದಾಗ ಕರ್ನಾಟಕಕ್ಕೆ ಪ್ರತ್ಯೇಕ ಸ್ಥಾನ ದೊರೆಯಿತು. ಸರ್ಕಾರದ ನಕಾಶೆಯಲ್ಲಿ ಇಲ್ಲದ ಕರ್ನಾಟಕವು ಕಾಂಗ್ರೆಸ್ಸಿನ ನಕಾಶೆಯಲ್ಲಿ ಮೂಡಿತು. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ, ಅಲ್ಲಿಯೇ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲನೆಯ ಕರ್ನಾಟಕ ಏಕೀಕರಣ ಪರಿಷತ್ತು ಸೇರಿತು. 1930ರಲ್ಲಿ ಮೈಸೂರಿನಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ವೆಂಕಟರಾಯರೇ ಅಧ್ಯಕ್ಷರು. ಮುಂಬಯಿ ಪ್ರಾಂತದ ಕನ್ನಡಿಗರೊಬ್ಬರು ಮೈಸೂರಿನ ರಾಜಧಾನಿಯಲ್ಲಿ ಎಲ್ಲ ಕನ್ನಡಿಗರ ಪರವಾಗಿ ಪೀಠವನ್ನೇರಿದುದು ಆ ದಿನಗಳಲ್ಲಿ ಸಣ್ಣ ಸಂಗತಿಯಾಗಿರಲಿಲ್ಲ. 1936ರಲ್ಲಿ ವಿಜಯನಗರದ ಆರುನೂರನೆಯ ವರ್ಷದ ಉತ್ಸವ ಹಂಪೆಯಲ್ಲಿ ನಡೆಯಿತು. ಮೂವತ್ತು ವರ್ಷಗಳ ಹಿಂದೆ ತರುಣ ವಕೀಲರೊಬ್ಬರು ಸಂಕಟಪಟ್ಟು ನಿಂತಿದ್ದ ಸ್ಥಳಕ್ಕೆ ಈಗ ಜನರು ಉತ್ಸವಕ್ಕೆಂದು ಬಂದರು.

1947ರಲ್ಲಿ ಸ್ವಾತಂತ್ರ್ಯ ಬಂದಿತು, ಕರ್ನಾಟಕ ಬರಲಿಲ್ಲ. ಪುಟ್ಟ ಸಂಸ್ಥಾನಗಳು ಪಕ್ಕದ ಪ್ರಾಂತಗಳಲ್ಲಿ ಲೀನವಾದವು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದಲ್ಲಿ ಸೇರಿತು. ಆದರೂ ಕನ್ನಡಿಗರು ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು ಎಂಬ ಐದು ಆಡಳಿತಗಳಲ್ಲಿ ಉಳಿದರು. ಹೊಸ ಸರ್ಕಾರಕ್ಕೆ ಭಾಷಾವಾರು ರಾಜ್ಯಗಳ ರಚನೆಯಲ್ಲಿ ಅವಸರವಿರಲಿಲ್ಲ. ಭಾರತ, ಪಾಕಿಸ್ತಾನಗಳ ವಿಭಜನೆಯ ರಕ್ತ ಇನ್ನೂ ಆರಿರಲಿಲ್ಲವಾದುದರಿಂದ ಗಡಿಗಳನ್ನು ಮುಟ್ಟಲು ನಾಯಕರು ಅಂಜಿದರು. ಮೈಸೂರಿನಲ್ಲಿಯೂ ಹಿಂಜರಿಕೆಯಿತ್ತು. ವಿದ್ಯುತ್ತು, ಕೈಗಾರಿಕೆ, ಶಾಲೆಗಳಲ್ಲಿ ಮುಂದುವರಿದ ತಮ್ಮ ಸಂಸ್ಥಾನವು ಹಿಂದುಳಿದ ಜಿಲ್ಲೆಗಳ ಭಾರವನ್ನು ಹೊರಬೇಕಾಗುವುದೆಂದು ಕೆಲವರು ಶಂಕಿಸಿದರು. ಅವರನ್ನು ಇಂದು ಸುಲಭವಾಗಿ ಹಳಿಯಬಹುದು. ನೂರೈವತ್ತು ವರ್ಷ ಬೇರೆ ಬೇರೆ ಮನೆಗಳಲ್ಲಿ ಬೆಳೆದ ಅಣ್ಣತಮ್ಮಂದಿರು ಒಂದೇ ಒಲೆಯಲ್ಲಿ ಅಡಿಗೆ ಮಾಡಿಕೊಳ್ಳಲು ಹೊರಟಾಗ ಇಂಥ ಮಾತುಗಳು ಬಾರದೆ ಇರುವುದಿಲ್ಲ.

1953ರಲ್ಲಿ ಜನರ ತಾಳ್ಮೆ ಮೀರಿತು. ಹುಬ್ಬಳ್ಳಿಯ ಬಳಿಯ ಅದರಗುಂಚಿಯಲ್ಲಿ ಶಂಕರಗೌಡರು ಉಪವಾಸ ಕೈಗೊಂಡರು. ಹುಬ್ಬಳ್ಳಿಯಲ್ಲಿ ಸಹಸ್ರಾರು ಜನ ಸೇರಿ ನಾಯಕರನ್ನು ಮುತ್ತಿದರು. ಆ ವರ್ಷ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚಿತವಾದಾಗ ಬಳ್ಳಾರಿಯ ಏಳು ತಾಲ್ಲೂಕುಗಳು ಮೈಸೂರಿಗೆ ಬಂದವು. ಜಗಳೂರಿನ ಪಕ್ಕದಲ್ಲಿದ್ದ ಮದ್ರಾಸಿನ ಗಡಿ ಅಂದೇ ಅಳಿಯಿತು. ಬಳಿಕ ಫಜಲ್ ಅಲಿಯವರ ಅಧ್ಯಕ್ಷತೆಯ ಆಯೋಗವು ದೇಶವನ್ನೆಲ್ಲ ಸುತ್ತಿ 1955ರಲ್ಲಿ ವರದಿ ಸಲ್ಲಿಸಿತು. ಅದಕ್ಕನುಸಾರವಾಗಿ 1956ರ ನವೆಂಬರ್ 1ರಂದು ಕನ್ನಡಿಗರ ರಾಜ್ಯ ಉದಯವಾಯಿತು. ಹೊಸ ರಾಜ್ಯದ ಮೊದಲ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪನವರು ಹುಟ್ಟಿದ್ದು ಅಂದಿನ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿ, ನೆಲೆಸಿದ್ದು ಮೈಸೂರು ಸಂಸ್ಥಾನದ ಚಿತ್ರದುರ್ಗದಲ್ಲಿ. ಒಡೆದ ನಾಡಿನ ಎರಡು ಪಾಲುಗಳನ್ನು ಅವರ ಜೀವನವೇ ಬೆಸೆದಿತ್ತು.

ಆ ದಿನ ಆಲೂರು ವೆಂಕಟರಾಯರು ಎಪ್ಪತ್ತಾರು ವರ್ಷದ ವೃದ್ಧರು. ಅವರು ಹಂಪೆಗೆ ಹೋದರು. ವಿರೂಪಾಕ್ಷನ ಸನ್ನಿಧಿಯಲ್ಲಿ ತಾಯಿ ಭುವನೇಶ್ವರಿಗೆ ಪೂಜೆ ಸಲ್ಲಿಸಿದರು. ಐವತ್ತೊಂದು ವರ್ಷಗಳ ಹಿಂದೆ ಅವರು ಮೊದಲು ಕಂಡ ಗುಡಿಯೇ ಅದು, ಅದರ ಬದಿಯಲ್ಲಿ ಹರಿಯುತ್ತಿದ್ದುದು ಅದೇ ಹೊಳೆ. ಈಗ ಹಂಪೆಯ ದಡವೂ ಆನೆಗುಂದಿಯ ದಡವೂ ಒಂದೇ ರಾಜ್ಯದಲ್ಲಿದ್ದವು. ಮೇಲೆ ಹೊನ್ನಾಳಿಯ ಉತ್ತರದಲ್ಲಿ ಎರಡು ರಾಜ್ಯಗಳ ನಡುವಣ ಗಡಿಯಾಗಿದ್ದ ಗೆರೆ ಎರಡು ಜಿಲ್ಲೆಗಳ ನಡುವಣ ಗೆರೆಯಾಗಿ ಉಳಿಯಿತು.

ಎಲ್ಲ ಕನ್ನಡಿಗರೂ ಆ ರಾಜ್ಯದಲ್ಲಿ ಕೂಡಿಬಂದರೆಂದು ಹೇಳುವಂತಿಲ್ಲ. ಕಾಸರಗೋಡು ಕೇರಳಕ್ಕೆ ಸೇರಿತು. ಅಕ್ಕಲಕೋಟೆ, ಸೊಲ್ಲಾಪುರಗಳ ಕನ್ನಡಿಗರು ಮುಂಬಯಿ ರಾಜ್ಯದಲ್ಲಿ, ಆಮೇಲೆ ಮಹಾರಾಷ್ಟ್ರದಲ್ಲಿ ಉಳಿದರು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರದ ಪಾಲಾದವು. ಇನ್ನೊಂದು ಕೊರತೆಯೂ ಇತ್ತು. ಹೊಸ ರಾಜ್ಯವನ್ನು ಮೈಸೂರು ಎಂದೇ ಕರೆದರು. ಯಾವ ಹೆಸರನ್ನು ಕನ್ನಡಿಗರಿಗೆ ನೆನ‍ಪಿಸಲು ವೆಂಕಟರಾಯರು ಜೀವಮಾನವನ್ನು ಸವೆಸಿದ್ದರೋ ಆ ಹೆಸರು ರಾಜ್ಯಕ್ಕೆ ಬರಲಿಲ್ಲ. ಕಡೆಯ ದಿನಗಳವರೆಗೂ ಅವರು ಧಾರವಾಡದಲ್ಲಿ ಓದು, ಬರಹ, ಚಿಂತನೆಗಳಲ್ಲಿ ನಿರತರಾಗಿದ್ದು, 1964ರ ಫೆಬ್ರವರಿ 25ರಂದು ಕಾಲವಾದರು.

1973ರ ನವೆಂಬರ್ 1ರಂದು, ದೇವರಾಜ ಅರಸು ಅವರು ಮುಖ್ಯಮಂತ್ರಿಗಳಾಗಿದ್ದಾಗ, ರಾಜ್ಯಕ್ಕೆ ಕರ್ನಾಟಕವೆಂದು ನಾಮಕರಣವಾಯಿತು. ವೆಂಕಟರಾಯರು ತೀರಿಕೊಂಡು ಆಗ ಒಂಬತ್ತು ವರ್ಷಗಳು ಕಳೆದಿದ್ದವು.